ಮುದಗಲ್ಲಿನ ಡಿಟಿಪಿ ಕಸುಬು ಮತ್ತು 96 ಚುಕ್ಕಿಯ ಲೆಕ್ಕ

ಮೊಹರಂ ಹತ್ತಿರ ಬಂದರೆ ಮುದಗಲ್ಲಿನ ನಮ್ಮಂಥ ಡಿಟಿಪಿ ಅಂಗಡಿಗಳಿಗೆ ಪುರುಸೊತ್ತು ಇರುವುದಿಲ್ಲ. ಬ್ಯಾನರು, ಕರಪತ್ರ, ಜೊತೆಗೆ ಲಗ್ನಸರಾಯಿ ಕೂಡಿ ಬಂದರಂತೂ ಊಟಕ್ಕೂ ಹೊತ್ತಿಲ್ಲ. ಮೊಳೆ ಜೋಡಿಸುತ್ತಿದ್ದ ಈ ಕಸುಬನ್ನು ಕಂಪ್ಯೂಟರಿಗೆ ದಾಟಿಸಿದ್ದು ಪೇಜ್‌ಮೇಕರ್. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ ಈ ತಂತ್ರಾಂಶ 1994ರಲ್ಲಿ ಅಡೋಬಿ ಪಾಲಾಯಿತು. 2001ರ ಏಳನೇ ಆವೃತ್ತಿಯೇ ಕೊನೆಯದು. ನಾನು ಇಂದಿಗೂ ಅದನ್ನೇ ತೆರೆಯುತ್ತೇನೆ, ಏಕೆಂದರೆ ನುಡಿ, ಶ್ರೀಲಿಪಿಯ ಹಳೆ ಫಾಂಟುಗಳಲ್ಲಿ ಹೊಂದಿಸಿದ ಗಿರಾಕಿಗಳ ಮ್ಯಾಟರೆಲ್ಲ ಅದರಲ್ಲೇ ಇದೆ. ಅಣ್ಣನ ಮದುವೆಯ ಕಾರ್ಡಿನಂತೆಯೇ ತಮ್ಮನದೂ ಬೇಕು ಅನ್ನುವವರು ಈಗಲೂ ಬರುತ್ತಾರೆ.

ತೊಂದರೆ ಶುರುವಾದದ್ದು ಹೊಸ ಪರದೆಗಳಿಂದ. ಇಂಚಿಗೆ 72 ಪಾಯಿಂಟ್ ಎಂಬುದು ಮುದ್ರಣದ ಅಳತೆ. ಮೊದಲ ಮ್ಯಾಕಿಂತೋಷ್ ಪರದೆಯೂ ಇಂಚಿಗೆ 72 ಚುಕ್ಕಿ ಇಟ್ಟುಕೊಂಡು ಅದಕ್ಕೆ ಹೊಂದಿಕೊಂಡಿತ್ತು. ಪರದೆಯನ್ನು ಕಾಗದಕ್ಕಿಂತ ದೂರದಿಂದ ಓದುತ್ತೇವಲ್ಲ, ಅದಕ್ಕೆ ಮೈಕ್ರೋಸಾಫ್ಟ್ ಮೂರನೇ ಒಂದು ಪಾಲು ಹಿಗ್ಗಿಸಿ 96 ಮಾಡಿತು. ಡಬ್ಬಾ ಮಾನಿಟರಿನ ಕಾಲದ ತಂತ್ರಾಂಶಗಳೆಲ್ಲ ಈ 96ನ್ನೇ ನಂಬಿ ಹುಟ್ಟಿದವು. ಈಗಿನ 15.6 ಇಂಚಿನ ಫೋರ್‌ಕೆ ಲ್ಯಾಪ್‌ಟಾಪಿನಲ್ಲಿ ಇಂಚಿಗೆ ಸುಮಾರು 282 ಚುಕ್ಕಿ. ಫೋಟೋಶಾಪ್ ಸಿಎಸ್6 ಅದರಲ್ಲಿ ತೆರೆದರೆ ಗುಂಡಿಗಳು ಸಾಸಿವೆಯಷ್ಟಾಗುತ್ತವೆ. ಪೇಜ್‌ಮೇಕರಿನ ಪಾಡು ಬೇರೆ. 2007ರ ವಿಸ್ತಾದಿಂದ ಈಚೆಗೆ ವಿಂಡೋಸ್ ಇಂಥ ಹಳೆಯ ಕಿಟಕಿಯನ್ನು ಚಿತ್ರದಂತೆ ಎಳೆದು ದೊಡ್ಡದು ಮಾಡುತ್ತದೆ. ಗಾತ್ರ ಸರಿಹೋಗುತ್ತದೆ, ಅಕ್ಷರ ಮಸುಕಾಗುತ್ತದೆ.

ಕನ್ನಡಕ್ಕೆ ಈ ಮಸುಕು ದೊಡ್ಡ ಪೆಟ್ಟು. ದ ಕೆಳಗೆ ಹೊಟ್ಟೆ ಸೀಳಿದರೆ ಧ. ಆ ಸೀಳು ಕಣ್ಣಿಗೆ ಬೀಳದಿದ್ದರೆ ಪರದೆಯ ಮೇಲೆ ‘ವಧು’ವೂ ಒಂದೇ ‘ವದು’ವೂ ಒಂದೇ. ಸಾವಿರ ಕಾರ್ಡು ಅಚ್ಚಾದ ಮೇಲೆ ಬೀಗರ ಮುಂದೆ ಏನು ಹೇಳುವುದು? ಒತ್ತಕ್ಷರಗಳದ್ದೂ ಇದೇ ಗತಿ.

2017ರಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಸೌಲಭ್ಯ ನಮ್ಮ ಕಸುಬಿನವರಿಗೆ ನಿಜವಾದ ಉಪಕಾರ. ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ಸ್ ತೆರೆಯಿರಿ. ಓವರ್‌ರೈಡ್‌ಗೆ ಟಿಕ್ ಹಾಕಿದರೆ ಮೂರು ಆಯ್ಕೆ ಸಿಗುತ್ತವೆ. ಗುಂಡಿಗಳು ತೀರಾ ಸಣ್ಣವಾಗಿದ್ದರೆ ‘ಸಿಸ್ಟಂ’ ಆರಿಸಿ. ಅಕ್ಷರ ಮಸುಕಾಗಿದ್ದರೆ ‘ಸಿಸ್ಟಂ ಎನ್‌ಹಾನ್ಸ್ಡ್’ ಹಾಕಿ ನೋಡಿ. ವಿಂಡೋಸಿನ ಹಳೆಯ ಜಿಡಿಐ ಪದ್ಧತಿಯಲ್ಲಿ ಅಕ್ಷರ ಬಿಡಿಸುವ ತಂತ್ರಾಂಶಗಳಿಗೆ ಅದು ದೊಡ್ಡ ಗಾತ್ರದಲ್ಲೇ ಹೊಸದಾಗಿ ಅಕ್ಷರ ಮೂಡಿಸುತ್ತದೆ. ಎಲ್ಲ ತಂತ್ರಾಂಶಕ್ಕೂ ಇದು ಒಗ್ಗುವುದಿಲ್ಲ. ತಂತ್ರಾಂಶ ಮುಚ್ಚಿ ಮತ್ತೆ ತೆರೆಯುವುದನ್ನು ಮರೆಯಬೇಡಿ.

ಪರದೆಯ ರೆಸಲ್ಯೂಶನ್ನೇ ಇಳಿಸಿಬಿಡುವ ರೂಢಿ ಬಹಳ ಕಡೆ ಇದೆ. ಅದು ತಪ್ಪು ದಾರಿ, ಅದರಿಂದ ಎಲ್ಲ ಅಕ್ಷರವೂ ಮಸುಕಾಗುತ್ತದೆ. ಲಿಂಗಸುಗೂರು, ಸಿಂಧನೂರು, ಮಸ್ಕಿಯಲ್ಲಿ ಈ ಕಸುಬು ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲು ಈ ಸೆಟ್ಟಿಂಗ್ ಸರಿಮಾಡಿಕೊಳ್ಳಿ, ಆಮೇಲೂ ಪರದೆಯನ್ನು ಪೂರ್ತಿ ನಂಬದೆ ಕಾಗದದ ಮೇಲೆ ಒಂದು ಪ್ರೂಫ್ ತೆಗೆದು ಗಿರಾಕಿಯಿಂದಲೇ ಓದಿಸಿ.