ಮುರಿದ ಫಿನ್, ಹಿತ್ತಾಳೆ ಕಡ್ಡಿ, ಎಂ-ಸೀಲ್

ಹಳೆ ಜಾವಾ ಬೈಕ್ ಕೊಳ್ಳಲು ಬಂದವರು ಮೊದಲು ಆರ್‌.ಸಿ. ಪುಸ್ತಕ ಕೇಳುತ್ತಾರೆ, ಬಗ್ಗಿ ಚಾಸಿಸ್ ನಂಬರ್ ಓದುತ್ತಾರೆ, ಟ್ಯಾಂಕಿನ ಕ್ರೋಮ್ ಮೇಲೆ ಬೆರಳಾಡಿಸುತ್ತಾರೆ. ಸಿಲಿಂಡರ್ ಬ್ಲಾಕಿನ ಸುತ್ತ ಎದ್ದ ತೆಳು ಫಿನ್ ನೋಡುವವರು ಕಡಿಮೆ. ನೋಡಿದರೂ ಸಾಲದು, ಉಗುರಿನಿಂದ ಕೆರೆಯಬೇಕು. ಕಪ್ಪು ಬಣ್ಣದ ಕೆಳಗೆ ಇರುವುದು ಬೀಡು ಕಬ್ಬಿಣವೋ ಎಂ-ಸೀಲೋ ಎಂಬುದು ಆಗಲೇ ಗೊತ್ತಾಗುವುದು. ಫಿನ್ ಎಂದರೆ ಎಂಜಿನ್ನಿನ ಅಲಂಕಾರ, ಮುರಿದರೆ ಏನಾದರೂ ಮೆತ್ತಿ ಬಣ್ಣ ಹೊಡೆದರಾಯಿತು, ಮನಸ್ಸಿಗೆ ಬಾರದಿದ್ದರೆ ಬ್ಲಾಕನ್ನೇ ಬದಲಾಯಿಸಿದರಾಯಿತು ಎಂಬ ಮಾತು ಈಗ ಹಳೆ ಗಾಡಿಗಳ ವಲಯದಲ್ಲಿ ಸಲೀಸಾಗಿ ಓಡಾಡುತ್ತಿದೆ. ಈ ಮಾತಿನ ಅಡಿಯಲ್ಲಿ ಒಂದು ಇಡೀ ಕಸುಬಿನ ಚರಿತ್ರೆ ಹೂತುಹೋಗುತ್ತಿದೆ.

ಫಿನ್‌ನ ಕೆಲಸ ಸರಳ. ಒಳಗೆ ಇಂಧನ ಉರಿದು ಹುಟ್ಟಿದ ಶಾಖ ಬ್ಲಾಕಿನ ಗೋಡೆಗೆ ಬಂದು, ಅಲ್ಲಿಂದ ಫಿನ್‌ನ ಬುಡಕ್ಕೆ, ಬುಡದಿಂದ ತುದಿಗೆ ಹರಿದು ಗಾಳಿಗೆ ಸೇರಬೇಕು. ಹರಿಯಬೇಕಾದರೆ ದಾರಿಯುದ್ದಕ್ಕೂ ಲೋಹ ಲೋಹವನ್ನು ಮುಟ್ಟಿರಬೇಕು. ಶಾಖ ಸಾಗಿಸುವ ಶಕ್ತಿಯನ್ನು ಅಳೆಯುವ ಮಾನದಲ್ಲಿ ಬೀಡು ಕಬ್ಬಿಣಕ್ಕೆ ಸುಮಾರು 50 ಅಂಕ. ಹಿತ್ತಾಳೆಗೆ ಅದರ ಇಮ್ಮಡಿ. ಎಂ-ಸೀಲ್‌ನಂಥ ಎಪಾಕ್ಸಿ ಅಂಟಿಗೆ 1 ಸಿಕ್ಕಿದರೆ ಹೆಚ್ಚು. ಅಂದರೆ ಎಂ-ಸೀಲ್‌ನಿಂದ ಅಂಟಿಸಿದ ಫಿನ್ ಬ್ಲಾಕಿಗೆ ಹೊದಿಸಿದ ಕಂಬಳಿ. ಹಾಗೆಂದು ಒಂದು ಮೂಲೆ ಮುಕ್ಕಾದ ಮಾತ್ರಕ್ಕೆ ಎಂಜಿನ್ ಸೀಜ್ ಆಗಿಬಿಡುವುದಿಲ್ಲ. ಬೆರಳಗಲದ ಮುಕ್ಕನ್ನು ಅರದಲ್ಲಿ ಉಜ್ಜಿ ನಯ ಮಾಡಿ ಬಿಟ್ಟರೆ ಸಾಕು, ಅದು ಮೆತ್ತುವುದಕ್ಕಿಂತ ಪ್ರಾಮಾಣಿಕ ಕೆಲಸ. ಎಕ್ಸಾಸ್ಟ್ ಬಾಯಿಯ ಸುತ್ತ ಫಿನ್ ಹೋದಾಗ ಮಾತ್ರ ಉಪೇಕ್ಷೆ ಸಲ್ಲದು. ಬ್ಲಾಕಿನಲ್ಲಿ ಅತಿ ಹೆಚ್ಚು ಕಾಯುವ ಜಾಗ ಅದೇ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. 1890ರ ದಶಕದ ಡಿ ಡಿಯಾನ್-ಬೂತೊಂ ಎಂಜಿನ್‌ಗಳಲ್ಲೇ ಫಿನ್ ಇತ್ತು. ಅದರ ದಪ್ಪ, ಎತ್ತರ, ನಡುವಿನ ಅಂತರದ ಲೆಕ್ಕವನ್ನು ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗಿಬ್ಸನ್ ಮತ್ತು ಹೆರಾನ್ ವಿಮಾನದ ಎಂಜಿನ್‌ಗಳಿಗಾಗಿ ಪಳಗಿಸಿದರು. ಮುರಿದದ್ದನ್ನು ಬೆಸೆಯುವ ಆಕ್ಸಿ-ಅಸಿಟಿಲಿನ್ ಜ್ವಾಲೆ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಕೊಡುಗೆ. ನಮ್ಮಲ್ಲಿ ಇಂಡಿಯನ್ ಆಕ್ಸಿಜನ್ ಅಂಡ್ ಅಸಿಟಿಲಿನ್ ಕಂಪನಿ ಹುಟ್ಟಿದ್ದು 1935ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಯ ಬಿಎಸ್‌ಎ ಎಂ20, ನಾರ್ಟನ್ 16ಎಚ್ ಗಾಡಿಗಳು ಕಂಟೋನ್ಮೆಂಟ್ ಊರುಗಳಲ್ಲಿ ಜನರ ಕೈಗೆ ಬಂದವು. ದಪ್ಪ ಬೀಡಿನ ಬ್ಲಾಕು, ಒರಟು ಬಾಳು. ಫಿನ್ ಮುರಿದರೆ ಮುರಿದಂತೆಯೇ ಓಡಿಸಿದರು.

ಕರ್ನಾಟಕದಲ್ಲಿ ಈ ಕಸುಬಿಗೆ ನಿಜವಾದ ನೆಲೆ ಒದಗಿಸಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಇರಾನಿ ಕುಟುಂಬದ ಉದ್ಯಮ ಅದು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಉದ್ಘಾಟನೆಯಾಗಿ, 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂದು, 1978ರಲ್ಲಿ ರೋಡ್‌ಕಿಂಗ್ ಹೊರಬಿದ್ದು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಎರಡು ಸೈಲೆನ್ಸರ್ ಎಂದರೆ ಎಕ್ಸಾಸ್ಟ್ ಬಾಯಿಗೆ ಬಿಗಿಯುವ ಉಂಗುರದಂಥ ನಟ್ಟೂ ಎರಡು. ಟೂ-ಸ್ಟ್ರೋಕ್ ಆದ್ದರಿಂದ ಆಗಾಗ ಕಾರ್ಬನ್ ಕೆರೆಸಬೇಕು, ಕೆರೆಸಲು ಆ ನಟ್ ಬಿಚ್ಚಬೇಕು. ಅದನ್ನು ಬಿಚ್ಚಲು ಕೊಕ್ಕೆ ಸ್ಪ್ಯಾನರ್ ಬೇಕು. ರಸ್ತೆಬದಿಯ ಗ್ಯಾರೇಜಿನಲ್ಲಿ ಇದ್ದದ್ದು ಉಳಿ ಮತ್ತು ಸುತ್ತಿಗೆ. ಉಳಿ ಜಾರಿದರೆ ಪಕ್ಕದ ಫಿನ್ ಚಟಕ್ಕನೆ ಹಾರುತ್ತಿತ್ತು. ಕಚ್ಚಿಕೊಂಡ ಬ್ಲಾಕನ್ನು ಮೇಲೆತ್ತಲು ಟೈರ್ ಲಿವರ್ ತೂರಿಸುತ್ತಿದ್ದದ್ದೂ ಫಿನ್‌ಗಳ ನಡುವೆಯೇ. ಗಾಡಿ ಬಿದ್ದು ಮುರಿದ ಫಿನ್‌ಗಳಿಗಿಂತ ಮೆಕ್ಯಾನಿಕ್ ಕೈಯಲ್ಲಿ ಮುರಿದವೇ ಹೆಚ್ಚು ಎಂದರೆ ಈ ಕಸುಬಿನವರಾರೂ ಅಲ್ಲಗಳೆಯಲಾರರು.

ಮುರಿದವರೇ ಜೋಡಿಸುವುದನ್ನೂ ಕಲಿತರು, ಅಥವಾ ಪಕ್ಕದ ಗ್ಯಾಸ್ ವೆಲ್ಡಿಂಗ್ ಅಂಗಡಿಯವರಿಗೆ ಕಲಿಸಿದರು. ಎಪ್ಪತ್ತು-ಎಂಬತ್ತರ ದಶಕದ ಆ ತಲೆಮಾರಿನ ‘ಹಿತ್ತಾಳೆ ಹಾಕುವ’ ವಿದ್ಯೆ ಹೊರಗಿನವರಿಗೆ ತೇಪೆ ಕೆಲಸದಂತೆ ಕಂಡೀತು. ಹತ್ತಿರದಿಂದ ನೋಡಿದರೆ ಅದರ ಅಚ್ಚುಕಟ್ಟು ತಿಳಿಯುತ್ತದೆ. ಮುರಿದ ಅಂಚನ್ನು ಗ್ರೈಂಡರ್‌ಗೆ ಹಿಡಿಯುವುದಿಲ್ಲ, ಅರದಲ್ಲೇ ಉಜ್ಜುತ್ತಾರೆ. ಬೀಡಿನ ಮೈಯಲ್ಲಿ ಗ್ರಾಫೈಟ್ ಚಕ್ಕೆಗಳಿರುತ್ತವೆ. ಗ್ರೈಂಡರ್ ಅವನ್ನು ಅಂಚಿನ ತುಂಬ ಬಳಿದುಬಿಡುತ್ತದೆ, ಆಮೇಲೆ ಹಿತ್ತಾಳೆ ಕಚ್ಚುವುದಿಲ್ಲ. ದಶಕಗಟ್ಟಲೆ ಕುಡಿದ ಎಣ್ಣೆಯನ್ನು ಆಮ್ಲಜನಕ ತುಸು ಹೆಚ್ಚಿರುವ ಜ್ವಾಲೆಯಿಂದ ಸುಟ್ಟು ತೆಗೆಯುತ್ತಾರೆ. ಬ್ಲಾಕನ್ನು ಇದ್ದಿಲ ಒಲೆಯಲ್ಲಿಟ್ಟು ಎಲ್ಲ ಕಡೆಯಿಂದಲೂ ನಿಧಾನವಾಗಿ ಕಾಯಿಸುತ್ತಾರೆ. ಕಡ್ಡಿಯ ಬಿಸಿ ತುದಿಯನ್ನು ಬಿಳಿಗಾರಕ್ಕೆ ಅದ್ದಿ ಅಂಚಿಗೆ ಮುಟ್ಟಿಸಿದಾಗ ಹಿತ್ತಾಳೆ ಮಣಿಯಾಗಿ ಉರುಳಿದರೆ ಕಾವು ಸಾಲದು, ಬಿಳಿ ಹೊಗೆ ಎದ್ದರೆ ಸತುವು ಸುಡುತ್ತಿದೆ. ಎರಡರ ನಡುವಿನ ಗಳಿಗೆಯಲ್ಲಿ ಅದು ಅಂಚಿನುದ್ದಕ್ಕೂ ತೆಳ್ಳಗೆ ಹರಡುತ್ತದೆ. ಹಿತ್ತಾಳೆ ಕರಗುವುದು 900 ಡಿಗ್ರಿಯ ಆಸುಪಾಸಿನಲ್ಲಿ, ಬೀಡು ಕರಗಲು 1,150 ದಾಟಬೇಕು. ಹಾಗಾಗಿ ಫಿನ್ ಕರಗುವುದಿಲ್ಲ, ಬೆಸುಗೆಯ ಪಕ್ಕದಲ್ಲಿ ಬೀಡು ಗಾಜಿನಂತೆ ಪೆಡಸಾಗುವ ಭಯವೂ ಇಲ್ಲ. ಕೊನೆಗೆ ಬ್ಲಾಕನ್ನು ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ರಾತ್ರಿಯಿಡೀ ಆರಲು ಬಿಡಬೇಕು. ಅವಸರಪಟ್ಟು ಗಾಳಿಗೆ ತೆಗೆದರೆ ಟಿಣ್ ಎಂಬ ಸದ್ದು ಕೇಳುತ್ತದೆ, ಮಾಡಿದ್ದೆಲ್ಲ ಹೋಯಿತು.

ಬಿದ್ದ ಚೂರು ಕಳೆದುಹೋಗಿದ್ದರೆ ಗುಜರಿಯಿಂದ ತಂದ ಇನ್ನೊಂದು ಬ್ಲಾಕಿನ ಫಿನ್ ಕತ್ತರಿಸಿ ಕೂರಿಸುತ್ತಿದ್ದರು. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಬೋರ್ ಸವೆದು ಕೆಲಸಕ್ಕೆ ಬಾರದ ಬ್ಲಾಕಿಗೂ ಬೆಲೆ ಇದ್ದದ್ದು ಇದರಿಂದಲೇ. ಇನ್ನೊಂದು ಕಟ್ಟಳೆ: ಮೊದಲು ಫಿನ್, ಆಮೇಲೆ ರೀಬೋರ್. ಅಷ್ಟು ಕಾಯಿಸಿದ ಬ್ಲಾಕಿನ ಬೋರ್ ಕೂದಲೆಳೆಯಷ್ಟಾದರೂ ಓರೆಯಾಗದೆ ಇರದು. ಹೊಸ ಪಿಸ್ಟನ್‌ಗೆ ಬೋರ್ ಹೊಡೆಸಿದ ಮೇಲೆ ಫಿನ್ ನೆನಪಾಗುವವರು ಈಗಲೂ ಇದ್ದಾರೆ.

ಈ ವಿದ್ಯೆಯ ಮೇಲಿನ ದೂರು ಒಂದೇ, ಹಳದಿ ಗೆರೆ ಕಾಣುತ್ತದೆ ಎಂಬುದು. ಬಣ್ಣ ಹೊಡೆದರೆ ಅದೂ ಕಾಣದು.

ಆರ್ಕ್ ವೆಲ್ಡಿಂಗ್‌ನ ನಿಕಲ್ ಕಡ್ಡಿಯ ಪಂಥ ಇದಕ್ಕೆ ಎದುರಾಗಿ ಬೆಳೆಯಿತು. ಕಾಯಿಸದೆ, ಒಂದಿಷ್ಟೇ ಉದ್ದದ ಬೆಸುಗೆ ಹಾಕಿ, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಿ, ಆರಲು ಬಿಟ್ಟು ಮತ್ತೆ ಹಾಕುವ ಕ್ರಮ ಅದು. ಎಲ್‌ ಆಂಡ್‌ ಟಿ ಮೂಲಕ ಬಂದ ಈವಾಕ್ ಕಡ್ಡಿಗಳು ಇದಕ್ಕೆ ಹೆಸರಾದವು. ಮೌಂಟಿಂಗ್ ಬುಡ, ದಪ್ಪ ಕಿವಿ ಮುರಿದಾಗ ಇದಕ್ಕೆ ಸಮನಿಲ್ಲ. ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ದಪ್ಪದ ಫಿನ್ ಮೇಲೆ ಮಾತ್ರ ಆರ್ಕ್ ನಿಂತಲ್ಲೇ ತೂತು ಮಾಡುತ್ತದೆ. ತಾಮ್ರದ ಪಟ್ಟಿ ಆಸರೆ ಕೊಟ್ಟು ಗೆದ್ದವರಿದ್ದಾರೆ, ಆದರೆ ಬೆರಳೆಣಿಕೆಯಷ್ಟು.

1983ರಲ್ಲಿ ರಾಜ್‌ದೂತ್ 350, 1985ರಲ್ಲಿ ಆರ್‌ಎಕ್ಸ್ 100 ಬಂದಾಗ ಲೋಹವೇ ಬದಲಾಯಿತು. ಅಲ್ಯುಮಿನಿಯಂ ಬ್ಲಾಕು, ಒಳಗೆ ಬೀಡಿನ ಸ್ಲೀವು. ಬೀಡಿನ ಫಿನ್ ಮುರಿಯುತ್ತದೆ. ಅಲ್ಯುಮಿನಿಯಂ ಫಿನ್ ಹಲವು ಸಲ ಬಾಗಿಯಷ್ಟೇ ನಿಲ್ಲುತ್ತದೆ. ಬಾಗಿದ್ದನ್ನು ತಣ್ಣಗೆ ಎಳೆದರೆ ಬುಡದಲ್ಲಿ ಸೀಳು ಗ್ಯಾರಂಟಿ. ಅಲ್ಯುಮಿನಿಯಂ ಕಾದರೂ ಕೆಂಪಾಗುವುದಿಲ್ಲ, ಆದ್ದರಿಂದ ಅನುಭವಿಗಳು ಬಟ್ಟೆ ಸೋಪು ಸವರಿ ಕಾಯಿಸುತ್ತಾರೆ. ಸೋಪು ಕಪ್ಪಾದಾಗ ಇಕ್ಕಳದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ನೇರ ಮಾಡುವುದು. ಕಾವು ವಿಪರೀತವಾದರೆ ಬೀಡಿನ ಇಮ್ಮಡಿ ಹಿಗ್ಗುವ ಅಲ್ಯುಮಿನಿಯಂ ಸ್ಲೀವನ್ನೇ ಸಡಿಲಿಸುತ್ತದೆ. ತುಂಡಾಗಿದ್ದರೆ ‘ಆರ್ಗಾನ್’ ಬೇಕು. ಟಿಗ್ ವೆಲ್ಡಿಂಗ್‌ಗೆ ಗ್ಯಾರೇಜಿನವರ ಹೆಸರು ಅದು. ಪೀಣ್ಯದ ಶೆಡ್‌ಗಳಲ್ಲಿ ಈಗ ಅದು ಸಾಮಾನ್ಯ. ಬೆಸುಗೆ ನೋಡಲು ಚೆಂದ. ಎಣ್ಣೆ ಹೀರಿದ ಹಳೆ ಎರಕವನ್ನು ಮೊದಲು ಕಾಯಿಸಿ ಎಣ್ಣೆ ಬಿಡಿಸುವ ತಾಳ್ಮೆ ಇಲ್ಲದವರ ಕೈಯಲ್ಲಿ ಮಾತ್ರ ಒಳಗೆಲ್ಲ ಗುಳ್ಳೆ.

ಇಂದಿನ ಹಂತವನ್ನು ಪ್ರದರ್ಶನಗಳ ಕಾಲ ಎನ್ನಬೇಕು. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ‘21 ಗನ್ ಸೆಲ್ಯೂಟ್’ ಹಳೆ ವಾಹನ ಪ್ರದರ್ಶನ ನಡೆದಾಗ ದೇಶದ ಕಣ್ಣು ಅತ್ತ ಹೊರಳಿತು. ಅಹಮದಾಬಾದ್ ಬಳಿ ಕಠವಾಡದ ಆಟೋ ವರ್ಲ್ಡ್ ಸಂಗ್ರಹವೂ ಪ್ರಸಿದ್ಧವೇ. ಎರಡೂ ಕಡೆ ರಾಜಮರ್ಯಾದೆ ಕಾರುಗಳಿಗೆ. ಬೈಕ್ ಬಂದರೂ ಹಿಂದಿನ ಸಾಲಿಗೆ. ಇಂಥ ಹೊಳಪಿನ ಲೋಕದಲ್ಲಿ ರಿಪೇರಿಯ ಗುರುತು ಎಂದರೆ ನಾಚಿಕೆ, ಹಾಗಾಗಿ ಎಂ-ಸೀಲ್‌ಗೆ ಸುಗ್ಗಿ.

ಕಾನೂನು ಬೇರೆ ಮಾತನ್ನೇ ಹೇಳುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳ ಫಲಕ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಮೂಲ ರೂಪಕ್ಕೆ ಇಷ್ಟು ಮಾನ ಇರುವಾಗ ಮೈಸೂರಿನಲ್ಲೇ ಅಳವಡಿಸಿದ ಬ್ಲಾಕನ್ನು ತೂಕಕ್ಕೆ ಹಾಕಿ ನಕಲಿ ಎರಕ ತಂದು ಕೂರಿಸುವುದು ಯಾವ ಲೆಕ್ಕ?

ಇಷ್ಟಾದರೂ ಈ ಕಸುಬನ್ನು ಹೇಳಿಕೊಡುವ ಕನ್ನಡ ಕೈಪಿಡಿ ಗ್ಯಾರೇಜುಗಳಲ್ಲಿ ಕಾಣಸಿಗದು. ಐಟಿಐ ವೆಲ್ಡರ್ ಪಾಠಗಳಲ್ಲಿ ಬೀಡಿನ ಬೆಸುಗೆ ಇದೆ, ಅದು ದಪ್ಪ ತಟ್ಟೆಯ ಮೇಲೆ. ಲೇಸರ್ ಬೆಸುಗೆಯ ಯಂತ್ರಗಳು ಈಗ ಒಡವೆ ಕೆಲಸಕ್ಕೂ ಬಂದಿವೆ. ತೆಳು ಫಿನ್‌ಗೆ ಅವು ಒಗ್ಗುತ್ತವೆಯೇ ಎಂದು ಪರೀಕ್ಷಿಸುವ ಆಸ್ಥೆ ಹಳೆ ಬೈಕ್‌ನವರಲ್ಲಿ ಕಾಣುತ್ತಿಲ್ಲ.

ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಆಚರಿಸುವ ಸಂಘಗಳು ಈ ಸಲ ಒಂದು ಕೆಲಸ ಮಾಡಲಿ. ಗ್ಯಾಸ್ ವೆಲ್ಡಿಂಗ್‌ನ ಹಳೆ ಕೈಗಳು ಇನ್ನೂ ಗಟ್ಟಿಯಾಗಿರುವಾಗಲೇ ಒಂದು ಬ್ಲಾಕಿಗೆ ಹಿತ್ತಾಳೆ ಹಾಕುವುದನ್ನು ಅರದಿಂದ ಬೂದಿಯವರೆಗೆ ಪೂರ್ತಿ ಚಿತ್ರೀಕರಿಸಲಿ, ಬೋರ್ ಹೋದ ಹತ್ತಾರು ಬ್ಲಾಕುಗಳನ್ನು ಅಭ್ಯಾಸಕ್ಕೆಂದು ಹತ್ತಿರದ ಐಟಿಐಗೆ ಕೊಡಲಿ. ಮನೆಯಲ್ಲಿ ಹಳೆ ಗಾಡಿ ಇಟ್ಟುಕೊಂಡವರು ಫಿನ್ ಮುರಿದಾಗ ನೆಲಕ್ಕೆ ಬಿದ್ದ ಚೂರನ್ನು ಗುಡಿಸಿ ಎಸೆಯದೆ ಎತ್ತಿಡಿ. ಅದೇ ಚೂರು ಸಿಕ್ಕಿದರೆ ವೆಲ್ಡರ್‌ನ ಅರ್ಧ ಕೆಲಸ ಮುಗಿದಂತೆ.