ರೋಮಿನಲ್ಲಿ ನ್ಯಾಯದ ಕ್ರಯವಿಕ್ರಯ

ರೋಮನರು ಲೋಕಕ್ಕಿತ್ತ ಕಾಣಿಕೆ ಯಾವುದೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ತಡೆಯದೆ 'ಕಾನೂನು' ಎನ್ನುತ್ತಾರೆ. ಉತ್ತರವು ಸರಿಯಾದುದೇ. ಆದರೆ ಆ ಕಾನೂನಿನ ತವರಿನಲ್ಲಿಯೇ ತೀರ್ಪು ಸಂತೆಯ ಸರಕಾಗಿದ್ದ ಕಾಲವೊಂದಿತ್ತು. ಅದನ್ನು ನಾವು ಇಲ್ಲಿ ತುಸು ನಿಂತು ನೋಡೋಣ.

ಕ್ರಿ. ಪೂ. ೮೧ರ ಸುಮಾರಿಗೆ ಸರ್ವಾಧಿಕಾರಿ ಸುಲ್ಲನು, ದೊಡ್ಡ ಮೊಕದ್ದಮೆಗಳಲ್ಲಿ ತೀರ್ಪುಗಾರರಾಗುವ ಹಕ್ಕನ್ನು ಸೆನೆಟ್ ಸಭೆಯ ಸದಸ್ಯರಿಗೆ ಮಾತ್ರ ಕೊಟ್ಟನು. ಪ್ರಾಂತಗಳನ್ನಾಳಲು ಹೋಗಿ ಸುಲಿದು ಬರುತ್ತಿದ್ದವರು ಸೆನೆಟಿನವರೇ. ಅವರನ್ನು ವಿಚಾರಿಸಬೇಕಾದವರೂ ಸೆನೆಟಿನವರೇ. ತೀರ್ಪುಗಾರರು ಮೇಣ ಬಳಿದ ಹಲಗೆಗಳಲ್ಲಿ ಗುಟ್ಟಾಗಿ ಮತ ಕೊಡುತ್ತಿದ್ದರು. ಒಮ್ಮೆಯಂತೂ, ಹಣ ಪಡೆದವರು ಮಾತಿಗೆ ತಪ್ಪದಿರಲೆಂದು ಬಣ್ಣಬಣ್ಣದ ಮೇಣವನ್ನು ಬಳಿಸಿದ್ದರಂತೆ! ಲಂಚ ಕೊಟ್ಟವನಿಗೂ ಪ್ರಾಮಾಣಿಕರೇ ಬೇಕಾಗಿದ್ದರು.

ಕ್ರಿ. ಪೂ. ೭೩ರಿಂದ ೭೧ರವರೆಗೆ ಸಿಸಿಲಿಯನ್ನಾಳಿದ ವೆರ್ರಿಸನು ಗುಡಿಗಳ ವಿಗ್ರಹಗಳನ್ನೂ ರೈತರ ಧಾನ್ಯವನ್ನೂ ದೋಚಿದನು. ಮೊದಲ ವರ್ಷದ ಗಳಿಕೆ ತನಗೆ, ಎರಡನೆಯದು ವಕೀಲರಿಗೆ, ಮೂರನೆಯ ವರ್ಷದ ಭಾರಿ ಗಳಿಕೆ ತೀರ್ಪುಗಾರರಿಗೆ ಎಂದು ಅವನು ಲೆಕ್ಕ ಹಾಕಿದ್ದನಂತೆ. ಇದನ್ನು ಹೇಳಿದವನು ಅವನ ಮೇಲೆ ಆರೋಪ ಹೊರಿಸಿದ ಸಿಸೆರೋ. ಪ್ರತಿಪಕ್ಷದ ವಕೀಲನ ಮಾತೆಂಬುದನ್ನು ನಾವು ಮರೆಯಲಾಗದು. ಆದರೆ ಸಿಸೆರೋ ಸಿಸಿಲಿಯಲ್ಲಿ ೫೦ ದಿನ ಸುತ್ತಿ ಸಾಕ್ಷ್ಯವನ್ನು ಕೂಡಿಸಿ ತಂದಿದ್ದನು. ವಿಚಾರಣೆಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ವೆರ್ರಿಸನ ವಕೀಲ ಹೊರ್ಟೆನ್ಸಿಯಸನೇ ಕಾನ್ಸಲ್ ಪದವಿಯಲ್ಲಿರುತ್ತಿದ್ದನು. ನ್ಯಾಯಸ್ಥಾನದ ಅಧ್ಯಕ್ಷತೆಯೂ ಅವರ ಮಿತ್ರನದಾಗುತ್ತಿತ್ತು. ಇದನ್ನರಿತ ಸಿಸೆರೋ ಕ್ರಿ. ಪೂ. ೭೦ರ ಆಗಸ್ಟಿನಲ್ಲಿ ದೀರ್ಘ ಭಾಷಣದ ಸಂಪ್ರದಾಯವನ್ನು ಬಿಟ್ಟು, ನೇರವಾಗಿ ಸಾಕ್ಷಿಗಳನ್ನು ನಿಲ್ಲಿಸಿದನು. ತೀರ್ಪಿಗೂ ಮೊದಲೇ ವೆರ್ರಿಸನು ಮಸ್ಸಿಲಿಯಾ ನಗರಕ್ಕೆ ಓಡಿದನು. ಅದು ಇಂದಿನ ಫ್ರಾನ್ಸಿನ ಮಾರ್ಸೇಲ್ಸ್.

ಅದೇ ವರ್ಷ ಕಾನೂನು ತಿದ್ದುಪಡಿಯಾಗಿ, ತೀರ್ಪುಗಾರರನ್ನು ಮೂರು ವರ್ಗಗಳಿಂದ ಆರಿಸುವ ಏರ್ಪಾಡಾಯಿತು. ಪೀಠದ ಮೇಲೆ ಹೊಸಬರು ಬಂದು ಕುಳಿತರು. ಹಣದ ಚೀಲ ಹೊತ್ತವರು ಹಳಬರೇ! ಸ್ತ್ರೀಯರಿಗೆ ಮಾತ್ರ ಮೀಸಲಾದ ಪೂಜೆಗೆ ಹೆಣ್ಣುವೇಷದಲ್ಲಿ ನುಗ್ಗಿದ ಕ್ಲೋಡಿಯಸನ ವಿಚಾರಣೆ ಕ್ರಿ. ಪೂ. ೬೧ರಲ್ಲಿ ನಡೆದಾಗ, ತೀರ್ಪುಗಾರರು ಪ್ರಾಣಭಯವೆಂದು ಕಾವಲು ಬೇಡಿ ಪಡೆದರು. ಬಳಿಕ ೩೧ ಮತಗಳು ಅವನ ಪರವಾಗಿಯೂ ೨೫ ವಿರುದ್ಧವಾಗಿಯೂ ಬಿದ್ದು ಅವನು ಬಿಡುಗಡೆ ಹೊಂದಿದನು. ಹಿರಿಯನಾದ ಕಾಟುಲಸನು ಅವರಲ್ಲೊಬ್ಬನನ್ನು ಕಂಡು, ಕಾವಲು ಕೇಳಿದ್ದು ದೊರೆತ ಹಣ ಕಳುವಾದೀತೆಂದೇ ಎಂದು ಪ್ರಶ್ನಿಸಿದನಂತೆ.

ತೀರ್ಪಿನ ಮೇಲೆ ನಂಬಿಕೆ ಹೋದಲ್ಲಿ ಜನರು ದೊಣ್ಣೆಯನ್ನು ನಂಬುತ್ತಾರೆ. ಕ್ಲೋಡಿಯಸನು ಒಂದು ಪುಂಡರ ದಂಡನ್ನು ಕಟ್ಟಿದನು. ಅವನ ವೈರಿ ಮಿಲೋ ಇನ್ನೊಂದನ್ನು. ಕ್ರಿ. ಪೂ. ೫೨ರ ಜನವರಿಯಲ್ಲಿ ಹೆದ್ದಾರಿಯಲ್ಲಿ ಇವರು ಎದುರಾಗಲು ಕ್ಲೋಡಿಯಸನು ಹತನಾದನು. ಅವನ ಹಿಂಬಾಲಕರು ಸೆನೆಟಿನ ಸಭಾಭವನದೊಳಗೇ ಶವವನ್ನು ಸುಡಲು ಭವನವೂ ಉರಿದುಹೋಯಿತು. ಮಿಲೋವಿನ ವಿಚಾರಣೆಯ ಸುತ್ತ ಪಾಂಪೆಯ ಸೈನಿಕರು ನಿಂತಿದ್ದರು. ಅವನ ಪರವಾಗಿ ಎದ್ದು ನಿಂತ ಸಿಸೆರೋವಿನ ಮಾತು ಅಂದು ಎಂದಿನಂತೆ ಹರಿಯಲಿಲ್ಲ. ಮಿಲೋ ಅಪರಾಧಿಯೆಂದು ತೀರ್ಮಾನವಾಗಿ ದೇಶ ಬಿಟ್ಟು ಹೋದನು. ಹೋದದ್ದು, ಹದಿನೆಂಟು ವರ್ಷಗಳ ಹಿಂದೆ ವೆರ್ರಿಸನು ಓಡಿಹೋಗಿದ್ದ ಆ ಮಸ್ಸಿಲಿಯಾಕ್ಕೇ.