1853: ಕಲಿಸಲಿಕ್ಕೆ ಬಂದ ಪರದೇಶಿಗಳು

ಭಾಗ 1

ಬಿಳಿ ಅಂಗಿ, ಕಪ್ಪು ಪ್ಯಾಂಟು, ಎದೆ ಮೇಲೆ ಹೆಸರಿನ ಬಿಲ್ಲೆ. ಯಾವಾಗ ನೋಡಿದ್ರೂ ಇಬ್ಬಿಬ್ಬರೇ ನಡೀತಿರ್ತಾರೆ. ಬೆಂಗಳೂರಲ್ಲಿ ಓದೋ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹುಡುಗರಲ್ಲಿ ಯಾರಾದರೂ ಇಂಥ ಜೋಡಿಯನ್ನ ನೋಡಿರಬಹುದು. ಇವರು ಮಾರ್ಮನ್ ಮಿಷನರಿಗಳು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಪಂಥ ಅದು. ಈಗಿನ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ.

ಇವರ ವಯಸ್ಸು ಕೇಳಿದ್ರೆ ಆಶ್ಚರ್ಯ ಆಗ್ತದೆ. 2012ರಿಂದ ಹುಡುಗರು 18 ತುಂಬಿದ ಕೂಡಲೇ ಹೋಗಬಹುದು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಸಂಬಳ ಇಲ್ಲ. ಖರ್ಚಿಗೆ ತಾವೇ ಕೂಡಿಟ್ಟ ದುಡ್ಡು, ಇಲ್ಲಾ ಮನೆಯವರ ಸಹಾಯ. ಯಾವ ದೇಶಕ್ಕೆ ಹೋಗಬೇಕು ಅನ್ನೋದನ್ನ ಚರ್ಚು ಹೇಳ್ತದೆ, ಅವರು ಆರಿಸಿಕೊಳ್ಳೋ ಹಾಗಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಗೆ ಎದ್ದು, ಓದು ಮುಗಿಸಿ, ಹೊರಗೆ ತಿರುಗಿ, ರಾತ್ರಿ ಹತ್ತೂವರೆ ಒಳಗೆ ಮಲಗಬೇಕು. ಜೊತೆಗಾರನನ್ನ ಬಿಟ್ಟು ಒಬ್ಬನೇ ಎಲ್ಲೂ ಹೋಗೋ ಹಾಗಿಲ್ಲ. ಅವ್ವ ಅಪ್ಪನಿಗೆ ವಾರಕ್ಕೊಮ್ಮೆ ಫೋನು ಮಾಡಲು ಅನುಮತಿ ಸಿಕ್ಕಿದ್ದು 2019ರಲ್ಲಿ. ಅದಕ್ಕೂ ಮೊದಲು ವರ್ಷಕ್ಕೆ ಎರಡೇ ಸಲ!

ಬೆಂಗಳೂರಲ್ಲಿ ಇವರ ಮಿಷನ್ ಶುರುವಾದದ್ದು 1993ರಲ್ಲಿ. ಈಗ ಇಲ್ಲಿ ಭಾರತದ ಹುಡುಗ ಹುಡುಗಿಯರೂ ಇದೇ ಕೆಲಸಕ್ಕೆ ಬರ್ತಾರೆ.

ಈ ಸರಣಿಯಲ್ಲಿ ನಾನು ಕೇಳ್ತಿರೋದು ಒಂದೇ ಪ್ರಶ್ನೆ. ತನ್ನದಲ್ಲದ ಊರಿಗೆ, ತನ್ನದಲ್ಲದ ಭಾಷೆಗೆ ಬಂದು ನಿಂತವನು ಅಲ್ಲಿಯ ಜನರಿಗೆ ಏನು ಕಲಿಸಬಲ್ಲ? ಉತ್ತರ ಹುಡುಕೋಕೆ 1853ಕ್ಕೆ ಹೋಗೋಣ. ಆ ಒಂದೇ ವರ್ಷದಲ್ಲಿ ಮೂರು ಕಥೆಗಳು ಸಿಗ್ತವೆ. ಅದರಲ್ಲಿ ಒಂದು ನಮ್ಮ ಸುರಪುರದ್ದು.

ಭಾಗ 2

ಮೊದಲು ಒಂದು ಮಾತು. ದೂರದಿಂದ ಬಂದು ಧರ್ಮ ಹೇಳೋರು ನಮ್ಮ ಸೀಮೆಗೆ ಹೊಸಬರಲ್ಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಪ್ರಕೃತಿಯ ಕೆಲಸ. ಆದರೆ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಯ ಸ್ತೂಪ ಮನುಷ್ಯರ ಕೆಲಸ. ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಅದೂ ಗುಡಿಯ ಒಂದು ಮೂರ್ತಿಯ ಕೆಳಗೆ ಪೀಠದ ಕಲ್ಲಾಗಿ! ಅಶೋಕನ ಕಾಲದಲ್ಲಿ ಬೌದ್ಧ ಭಿಕ್ಷುಗಳು ಬನವಾಸಿಗೂ ಮಹಿಷ ಮಂಡಲಕ್ಕೂ ಹೊರಟರು ಅಂತ ಸಿಂಹಳದ ಮಹಾವಂಶ ಹೇಳ್ತದೆ. ಅವರೂ ನಡ್ಕೊಂಡೇ ಬಂದ, ಪರಭಾಷೆಯ ಜನ.

ಅಂದರೆ ಬಾಗಿಲಿಗೆ ಬಂದ ಅಪರಿಚಿತನ ಮಾತು ಕೇಳೋದು, ಬೇಕಾದ್ದು ಇಟ್ಕೊಂಡು ಬ್ಯಾಡಾದ್ದು ಬಿಡೋದು ನಮ್ಮ ಜನಕ್ಕೆ ಎರಡು ಸಾವಿರ ವರ್ಷದ ರೂಢಿ.

ಭಾಗ 3

ಈಗ 1853ರ ಮೊದಲನೇ ಕಥೆ.

ಆ ವರ್ಷದ ಏಪ್ರಿಲ್‌ನಲ್ಲಿ ಮಾನ್ಸೂನ್ ಅನ್ನೋ ಹಡಗು ಕಲ್ಕತ್ತಾ ಮುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ಹಡಗಿನಲ್ಲಿ ಯೂಟಾದ 13 ಮಾರ್ಮನ್ ಮಿಷನರಿಗಳಿದ್ದರು. ಒಂಬತ್ತು ಮಂದಿ ಹಿಂದೂಸ್ತಾನಕ್ಕೆ, ನಾಲ್ವರು ಸಯಾಮಿಗೆ, ಅಂದರೆ ಇವತ್ತಿನ ಥಾಯ್ಲೆಂಡಿಗೆ. ಅದಕ್ಕೂ ಮೊದಲೇ ಹ್ಯೂ ಫಿಂಡ್ಲೆ ಅನ್ನೋ ಸ್ಕಾಟ್ಲೆಂಡಿನವರು ಮುಂಬೈ, ಪುಣೆ ಕಡೆ ಕೆಲಸ ಶುರು ಮಾಡಿದ್ದರು.

ಇವರ ನಿಯಮ ಕಠಿಣ. ಕೈಯಲ್ಲಿ ದುಡ್ಡಿಲ್ಲದೆ, ಹೆಗಲಲ್ಲಿ ಜೋಳಿಗೆ ಇಲ್ಲದೆ ಹೊರಡಬೇಕು. ಊಟ, ವಸತಿ ಕೊಟ್ಟವರ ಮನೆಯಲ್ಲಿ. ನಮ್ಮ ಜಂಗಮರ ಭಿಕ್ಷೆ ನೆನಪಾಗ್ತದೆ, ಅಲ್ವಾ? ಆದರೆ ಒಂದು ದೊಡ್ಡ ವ್ಯತ್ಯಾಸ ಇತ್ತು. ಜಂಗಮನಿಗೆ ಮನೆಮನೆಯ ಭಾಷೆ ಗೊತ್ತು. ಇವರಲ್ಲಿ ಹೆಚ್ಚಿನವರಿಗೆ ಇಲ್ಲಿಯ ಒಂದು ಭಾಷೆಯೂ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಬರೋರ ಹತ್ತಿರವೇ ಹೋದರು, ಅಂದರೆ ಬ್ರಿಟಿಷ್ ಸಿಪಾಯಿಗಳು, ಅಧಿಕಾರಿಗಳು. ದಂಡಿನ ಅಧಿಕಾರಿಗಳು ಕಂಟೋನ್ಮೆಂಟ್ ಒಳಗೆ ಬಿಡಲಿಲ್ಲ. 1852ರಲ್ಲಿ ಆ ಚರ್ಚು ಬಹುಪತ್ನಿತ್ವವನ್ನ ಬಹಿರಂಗವಾಗಿ ಒಪ್ಪಿಕೊಂಡಿತ್ತು. ಆ ಸುದ್ದಿ ಇವರಿಗಿಂತ ಮೊದಲೇ ಪತ್ರಿಕೆಗಳಲ್ಲಿ ಬಂದು ಕೂತಿತ್ತು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಕೆಲವರು ಮದರಾಸಿಗೂ ಹೋಗಿ ನೋಡಿದರು. 1856ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರೂ ವಾಪಸ್. ಫಿಂಡ್ಲೆ ಪುಣೆಯಲ್ಲಿ ಮರಾಠಿ ಕಲಿಯೋಕೆ ಕೂತಿದ್ದರು. ಆ ದಾರಿಯಲ್ಲಿ ಎಲ್ಲರೂ ಹೋಗಿದ್ದರೆ ಕಥೆ ಬೇರೆ ಆಗ್ತಿತ್ತೇನೋ. ಆದರೆ ಮೂರು ವರ್ಷದಲ್ಲಿ ಎಷ್ಟು ಭಾಷೆ ಬಂದೀತು?

ಭಾಗ 4

ಎರಡನೇ ಕಥೆ ನಿಮಗೆ ಸ್ವಲ್ಪ ಗೊತ್ತು. ಅದೇ 1853ರಲ್ಲಿ 21 ವಯಸ್ಸಿನ ಒಬ್ಬ ಜರ್ಮನ್ ಹುಡುಗ ಕನ್ನಡನಾಡಿಗೆ ಬಂದ. ಹೆಸರು ಫರ್ಡಿನೆಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಉತ್ತರ ಸಮುದ್ರದ ಹತ್ತಿರದ ರೆಸ್ಟರ್‌ಹಾಫ ಅನ್ನೋ ಹಳ್ಳಿಯಲ್ಲಿ.

ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಅದರ ಮೊದಲ ಮೂವರು, ಅಂದರೆ ಹೆಬಿಕ್, ಲೆನರ್, ಗ್ರೈನರ್, 1834ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದಿದ್ದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. ಬಂದ ಹುಡುಗರಲ್ಲಿ ಹೆಚ್ಚಿನವರು ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲ್‌ನಲ್ಲಿ ವರ್ಷಗಟ್ಟಲೆ ಗ್ರೀಕ್, ಹೀಬ್ರೂ ಓದಿಸಿ ಹಡಗು ಹತ್ತಿಸ್ತಿದ್ದರು. ಸೂಯೆಜ್ ಕಾಲುವೆ ಇನ್ನೂ ಇಲ್ಲ, ಪ್ರಯಾಣಕ್ಕೆ ತಿಂಗಳುಗಟ್ಟಲೆ. ಬಂದ ಮೇಲೂ ಶಿಸ್ತು ಬಿಗಿ: ವರದಿ ಬರೀಬೇಕು, ಕಮಿಟಿಯ ಅನುಮತಿ ಇಲ್ಲದೆ ಮದುವೆ ಆಗೋ ಹಾಗಿಲ್ಲ. ಎಷ್ಟೋ ಸಲ ಹೆಣ್ಣನ್ನೂ ಅಲ್ಲಿಂದಲೇ ಕಳಿಸ್ತಿದ್ದರು. ಮದುಮಗ ವಧುವಿನ ಮುಖ ಮೊದಲ ಸಲ ನೋಡ್ತಿದ್ದದ್ದು ಬಂದರಿನಲ್ಲಿ.

ದಿನಚರಿ ಶುರುವಾಗ್ತಿದ್ದದ್ದು ಮುನ್ಷಿಯ ಮುಂದೆ ಕೂತು. ಊರಿಗೆಲ್ಲ ಪಾಠ ಹೇಳಲು ಬಂದವನು ಮೊದಲು ಊರಿನ ಪಂಡಿತನ ಮುಂದೆ ಅಆಇಈ ತಿದ್ದಬೇಕು. ಆಮೇಲೆ ಶಾಲೆ, ಸಂತೆ, ಜಾತ್ರೆ. ಜಾತ್ರೆಯಲ್ಲಿ ನಿಂತು ಉಪದೇಶ ಮಾಡಿದರೆ ಜನ ಸುಮ್ನೆ ಬಿಡ್ತಿರಲಿಲ್ಲ, ಎದುರು ಪ್ರಶ್ನೆ ಹಾಕ್ತಿದ್ದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ್ರೆ ಕೇಳಿದವನ ದೇವರು, ಗಾದೆ, ಹಾಡು ಎಲ್ಲಾ ಗೊತ್ತಿರಬೇಕಲ್ಲ! ಹೀಗೇ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನ ಕೂಡಿಸಿ ಅಚ್ಚು ಹಾಕಿಸಿದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದದ್ದೂ ಅವರೇ.

ಕಿಟೆಲ್ ಇನ್ನೂ ಮುಂದೆ ಹೋದರು. ಜನರ ನಡುವೆ ಜನರ ಹಾಗೇ ಬದುಕಬೇಕು ಅಂದುಕೊಂಡರು. ಅದು ಸ್ವಂತ ಮಿಷನ್ನಿನ ಹಿರಿಯರಿಗೇ ಹಿಡಿಸಲಿಲ್ಲ. ಎಷ್ಟು ಜನ ಕ್ರೈಸ್ತರಾದರು ಅನ್ನೋ ಲೆಕ್ಕದಲ್ಲಿ ಕಿಟೆಲ್ ಹೆಸರು ಮಾಡಲಿಲ್ಲ. ಅವರು ಯೇಸುವಿನ ಕಥೆಯನ್ನ ಹಾಡಿದ್ದು ಕನ್ನಡದ ಛಂದಸ್ಸಿನಲ್ಲಿ, ‘ಕಥಾಮಾಲೆ’ ಅಂತ, 1862ರಲ್ಲಿ. ಕೇಶಿರಾಜನ ‘ಶಬ್ದಮಣಿದರ್ಪಣ’, ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಆ ನಿಘಂಟು ಬಂತು: ಸುಮಾರು 70,000 ಶಬ್ದಗಳು. ಬಂದಾಗ 21, ನಿಘಂಟು ಮುಗಿದಾಗ 62. ನಡುವಿನ ಊರಿನ ಪಂಡಿತರು, ಕೂಲಿಯವರು, ಅಜ್ಜಿಯರು ಆಡಿದ ಮಾತೆಲ್ಲ ಆ ಪುಟಗಳಲ್ಲಿ ಇದೆ. ಕಲಿಸಲು ಬಂದವರು ನಲವತ್ತೊಂದು ವರ್ಷ ಕಲಿತರು, ಆ ಕಲಿಕೆಯ ಟಿಪ್ಪಣಿಯೇ ನಮಗೆ ನಿಘಂಟು.

ಭಾಗ 5

ಇಲ್ಲಿಗೆ ನಿಲ್ಲಿಸಿದರೆ ಕಥೆ ಬಹಳ ಸಿಹಿಯಾಗ್ತದೆ. ಪೂರ್ತಿ ಹೇಳಬೇಕಲ್ಲ.

ಮಿಷನ್ ಬಂದದ್ದು ನಿಘಂಟಿಗಾಗಿ ಅಲ್ಲ, ಮತಾಂತರಕ್ಕಾಗಿ. ಅದರ ಬೆಲೆಯನ್ನ ಇಲ್ಲಿಯ ಮನೆಗಳೂ ತೆತ್ತವು. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಊರೇ ಅಲ್ಲಾಡಿತು. ಮನೆ ದೂರವಾಯಿತು. 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ, ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದರು. ಯೋಚನೆ ಮಾಡಿ ನೋಡ್ರಿ: ಕಿಟೆಲ್ ಕನ್ನಡ ಕಲಿಯೋಕೆ ಶುರು ಮಾಡೋ ಮೊದಲೇ ಒಬ್ಬ ಮಂಗಳೂರಿನ ಹುಡುಗ ಆಲ್ಪ್ಸ್ ಪರ್ವತದ ಆಚೆ ಜರ್ಮನ್ ಭಾಷೆಯಲ್ಲಿ ಪಾಠ ಕೇಳ್ತಿದ್ದ. ಪರದೇಶದ ಒಂಟಿತನ ಎರಡೂ ಕಡೆ ಇತ್ತು. ಆದರೆ ಕಿಟೆಲ್‌ಗೆ ವಾಪಸ್ ಹೋಗಲು ಮನೆ ಇತ್ತು, ಕೌಂಡಿನ್ಯರಿಗೆ ಹಳೇ ಮನೆ ಬಾಗಿಲು ಮುಚ್ಚಿತ್ತು.

ಜಾತಿ ಕಳಕೊಂಡವರಿಗೆ ಕಸುಬೂ ಹೋಗ್ತಿತ್ತು. ಅವರಿಗೆ ಅನ್ನ ಕೊಡೋಕೆ ಅಂತಲೇ ಮಿಷನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ನಾವು ನೋಡೋ ಮಂಗಳೂರು ಹೆಂಚಿನ ಹಿಂದೆ ಇಷ್ಟು ಕಥೆ ಇದೆ.

ಭಾಗ 6

ಮೂರನೇ ಕಥೆಗೆ ಸುರಪುರಕ್ಕೆ ಬರ್ರಿ. ಇಲ್ಲಿ ಬಂದವರು ಪಾದ್ರಿ ಅಲ್ಲ. ಆದರೂ ಪರದೇಶಿ, ಆದರೂ ಗುರು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 15ನೇ ವಯಸ್ಸಿಗೇ ಒಬ್ಬಂಟಿಯಾಗಿ ಮುಂಬೈಗೆ ಬಂದು, ನಿಜಾಮನ ಸೈನ್ಯ ಸೇರಿದರು. ವಾಗಣಗೇರಿಯಲ್ಲಿ ಔರಂಗಜೇಬನ ಎದುರು ನಿಂತ ಬೇಡ ನಾಯಕರ ಮನೆತನ ಗೊತ್ತಲ್ಲ, ಅದೇ ಸುರಪುರ ಸಂಸ್ಥಾನಕ್ಕೆ ಟೇಲರ್ 1841ರಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿ ಬಂದರು. ದೊರೆ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ.

ಆ ಹುಡುಗನನ್ನ ರಾಜನಾಗಲು ತಯಾರು ಮಾಡೋ ಹೊಣೆ ಟೇಲರ್‌ಗೆ ಬಂತು. ಹುಡುಗ ಅವರನ್ನ ‘ಅಪ್ಪ’ ಅಂತ ಕರೀತಿದ್ದ. ಸುಮಾರು ಹನ್ನೆರಡು ವರ್ಷ ಟೇಲರ್ ಇಲ್ಲೇ ಇದ್ದರು. ಗುಡ್ಡದ ಮೇಲೆ ಮನೆ ಕಟ್ಟಿದರು, ಈಗಲೂ ಅದು ಟೇಲರ್ ಮಂಜಿಲ್. ಬೋನಾಳ ಕೆರೆ ಸುಧಾರಿಸಿದರು. ರಾಜನಕೋಳೂರಿನ ಶಿಲಾಸಮಾಧಿಗಳ ಬಗ್ಗೆ ಬರೆದು ಜಗತ್ತಿಗೆ ಹೇಳಿದರು. ಜನರ ಜೊತೆ ಬೆರೆತರು, ಜನ ಪ್ರೀತಿಸಿದರು.

1853ರಲ್ಲಿ ವೆಂಕಟಪ್ಪ ನಾಯಕರಿಗೆ ಪ್ರಾಯ ಬಂತು, ಅಧಿಕಾರ ಕೈಗೆ ಬಂತು. ಟೇಲರ್ ನಳದುರ್ಗಕ್ಕೆ ಹೋದರು. ಗುರು ಹೊರಟ, ಶಿಷ್ಯ ಗಾದಿ ಏರಿದ. ಐದೇ ವರ್ಷ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಸೋಲಾಯಿತು, ರಾಜರು ಹೈದರಾಬಾದಿನಲ್ಲಿ ಸೆರೆ ಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ಕಂಡರು. ತಮಗೆ ಜೊತೆ ಕೊಟ್ಟವರ ಹೆಸರನ್ನ ರಾಜರು ಆ ‘ಅಪ್ಪ’ನಿಗೂ ಹೇಳಲಿಲ್ಲ. ಇದನ್ನ ಟೇಲರ್ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಮರಣದಂಡನೆ ಕಡೆಗೆ 4 ವರ್ಷದ ಸೆರೆಗೆ ಇಳಿಯಿತು. ಮದರಾಸು ಕಡೆ ಒಯ್ಯುವಾಗ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ರಾಜರು ಸತ್ತರು. ಸ್ವಂತ ಕೈಯಿಂದ ಅಂತ ಬ್ರಿಟಿಷ್ ಬರಹ ಹೇಳ್ತದೆ, ಅದನ್ನ ನಂಬದವರು ನಮ್ಮಲ್ಲಿ ಇವತ್ತಿಗೂ ಇದ್ದಾರೆ. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು, ನಮ್ಮ ಅಣ್ಣಂದಿರ ವಯಸ್ಸು.

ಟೇಲರ್ ಊರನ್ನ ಅರಿತಿದ್ದರು, ಬಹಳ ದಿನ ಇದ್ದರು, ಪ್ರೀತಿಯೂ ಸುಳ್ಳಲ್ಲ. ಆದರೆ ಅವರ ಬೆನ್ನ ಹಿಂದೆ ಕಂಪನಿಯ ತೋಪು ಇತ್ತು. ಗುರುವಿನ ಮನಸ್ಸು ಎಷ್ಟೇ ಒಳ್ಳೇದಿದ್ದರೂ ಅವನನ್ನ ಕಳಿಸಿದವರು ಯಾರು ಅನ್ನೋದನ್ನ ಶಿಷ್ಯ ಒಂದು ದಿನ ನೋಡೇ ನೋಡ್ತಾನೆ.

ಭಾಗ 7

ಮೂರು ಕಥೆ ಪಕ್ಕಪಕ್ಕ ಇಟ್ಟು ನೋಡ್ರಿ. ಯೂಟಾದವರು ಭಾಷೆ ಇಲ್ಲದೆ ಬಂದರು, ಬೇಗ ಹೋದರು, ಏನೂ ಉಳೀಲಿಲ್ಲ. ಟೇಲರ್ ಉಳಿದರು, ಬೆರೆತರು, ಆದರೆ ಅಧಿಕಾರ ಗುರು ಶಿಷ್ಯರ ನಡುವೆ ಗೋಡೆಯಾಗಿ ನಿಂತಿತು. ಕಿಟೆಲ್ ಬಂದ ಕೆಲಸದಲ್ಲಿ ಸೋತರು, ಕಲಿತದ್ದರಿಂದ ಉಳಿದರು.

ಇದನ್ನ ಇವತ್ತು ಯಾಕೆ ಬರೀತಿದ್ದೀನಿ? 2023 ಮತ್ತು 2024, ಎರಡೂ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದ ಕೊನೇ ಸ್ಥಾನ ನಮ್ಮ ಯಾದಗಿರಿ ಜಿಲ್ಲೆಯದು. ನಮ್ಮ ತಾಂಡಾಗಳ ಮಕ್ಕಳು ಮನೆಯಲ್ಲಿ ಆಡೋದು ಲಂಬಾಣಿ. ಗುರುಮಠಕಲ್ ಕಡೆ ತೆಲುಗು. ಎಷ್ಟೋ ಓಣಿಗಳಲ್ಲಿ ಉರ್ದು. ಅಲ್ಲಿಗೆ ಬೇರೆ ಜಿಲ್ಲೆಯಿಂದ ನೌಕರಿ ಮೇಲೆ ಬಂದ ಮಾಸ್ತರು, ಟೀಚರಮ್ಮ ಕೂಡ ಒಂದು ಲೆಕ್ಕಕ್ಕೆ ಪರದೇಶಿಗಳೇ. ವರ್ಗಾವಣೆಯ ಅರ್ಜಿ ಬರೆದಿಟ್ಟುಕೊಂಡು ದಿನ ಎಣಿಸೋರೂ ಇದ್ದಾರೆ, ಒಂದನೇ ಕ್ಲಾಸಿನ ಮಗುವಿನ ಜೊತೆ ಅದರ ಮಾತಲ್ಲೇ ಎರಡು ಶಬ್ದ ಆಡಿ ನಗಿಸೋರೂ ಇದ್ದಾರೆ. ಮಗು ಯಾರ ಹತ್ತಿರ ಕಲೀತದೆ ಅಂತ ಹೇಳೋದೇ ಬೇಡ.

ನಮ್ಮಲ್ಲಿ ಅರ್ಧ ಜನ ಡಿಎಡ್, ಬಿಎಡ್ ಅಂತ ಹೊರಟಿದ್ದೀವಿ. ನಾಳೆ ಯಾವುದೋ ತಾಂಡಾ, ಯಾವುದೋ ಹಟ್ಟಿ ನಮ್ಮ ಮಿಷನ್ ಆಗ್ತದೆ. ಹೋದ ಮೊದಲ ದಿನವೇ ಪಾಠ ಶುರು ಮಾಡೋ ಅವಸರ ಬ್ಯಾಡ. ನೀರಿಗೆ, ಹಸಿವಿಗೆ, ಅವ್ವನಿಗೆ ಆ ಮಕ್ಕಳು ಏನಂತಾರೆ ಅಂತ ಕೇಳಿ ಬರ್ಕೊಳ್ರಿ. ನಿಮ್ಮ ನಿಘಂಟು ಅಲ್ಲಿಂದ ಶುರು ಆಗಲಿ.

ಈಗ ನಿಮ್ಮ ಪಾಳಿ. ಹೊರಗಿನಿಂದ ಬಂದು ನಿಮ್ಮ ಊರಿನ ಮಾತು ಕಲಿತು ಪಾಠ ಹೇಳಿದ ಗುರುಗಳು ಇದ್ದಾರಾ? ಅವರು ಮೊದಲು ಕಲಿತ ನಿಮ್ಮೂರ ಶಬ್ದ ಯಾವುದು ಅಂತ ಕೆಳಗೆ ಬರೀರಿ. ಎಲ್ಲಾ ಸೇರಿಸಿ ಮುಂದಿನ ಭಾಗ ಮಾಡ್ತೀನಿ.

#ನಮ್ಮಸುರಪುರ #ಯಾದಗಿರಿಇತಿಹಾಸ #1853